ಸೂಕ್ಷ್ಮ ಪ್ಲಾಸ್ಟಿಕ್: ಇಡಿಯಾಗಿರುವಾಗಲೇ ತಡೆಯಬೇಕಾದ ಮಾಲಿನ್ಯ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

1. ವಿಷಯ ಪರಿಚಯ

ಐದು ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರು, ಎಳೆ ಮತ್ತು ಕಣಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡವೂ ಉಂಟು, ಸೂಕ್ಷ್ಮದರ್ಶಕವಿಲ್ಲದೆ ಕಾಣದವೂ ಉಂಟು.

ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಕ್ರಮೇಣ ಪೆಡಸಾಗಿ ಒಡೆಯುತ್ತದೆ. ಆದರೆ ಎಲೆ, ಸೆಗಣಿಗಳಂತೆ ಕೊಳೆತು ಮಣ್ಣಾಗುವುದಿಲ್ಲ. 30 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಒಂದು ಹಾಳೆ 5 ಮಿ.ಮೀ. ಚೌಕಗಳಾಗಿ ಒಡೆದರೆ 3,600 ಚೂರುಗಳಾಗುತ್ತವೆ, 1 ಮಿ.ಮೀ. ಚೌಕಗಳಾದರೆ 90,000. ತೂಕ ಅಷ್ಟೇ ಇರುತ್ತದೆ. ಆದರೆ ಒಂದು ಹಾಳೆಯನ್ನು ಕೈಯಿಂದ ಎತ್ತಬಹುದು, ಕೆರೆಯ ಹೂಳಿನಲ್ಲಿ ಬೆರೆತ ತೊಂಬತ್ತು ಸಾವಿರ ಚೂರುಗಳನ್ನು ಯಾವ ಪಂಚಾಯತಿಯೂ ಹೆಕ್ಕಲಾರದು. ಈ ಪಾಠದ ಮುಖ್ಯಾಂಶ ಇದೇ.

ತೆಳು ಕವರುಗಳು, ನೂಲು ಬಿಟ್ಟ ಗೊಬ್ಬರದ ಚೀಲಗಳು, ಹೊಲದಲ್ಲೇ ಉಳಿದ ಮಲ್ಚಿಂಗ್ ಹಾಳೆ, ಹಳೆಯ ಹನಿ ನೀರಾವರಿ ಪೈಪುಗಳು, ವಾಹನಗಳ ಟೈರಿನ ಸವೆತ ಮತ್ತು ಪಾಲಿಯೆಸ್ಟರ್ ಬಟ್ಟೆ ಒಗೆದ ನೀರು ಗ್ರಾಮಗಳಲ್ಲಿ ಇದರ ಪ್ರಮುಖ ಮೂಲಗಳು.

2. ಪ್ರಾಣಿಗಳ ಮೇಲಿನ ಪರಿಣಾಮ

ಉಳಿದ ಅನ್ನವನ್ನು ಕವರಿನಲ್ಲಿ ಕಟ್ಟಿ ಎಸೆದರೆ ದನವು ಕವರಿನ ಸಮೇತ ನುಂಗುತ್ತದೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಉಂಡೆಗಟ್ಟುತ್ತದೆ. ಮೇವು ಹಿಡಿಸದೆ ಹಸು ಸೊರಗುತ್ತದೆ. ಇಂತಹ ಉಂಡೆಯನ್ನು ಹೊರತೆಗೆಯಲು ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಉತ್ತರಾಖಂಡದ ಕಾಡಂಚಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆನೆ ಲದ್ದಿಯ ಮಾದರಿಗಳ ಪೈಕಿ ಸುಮಾರು ಮೂರನೇ ಒಂದು ಭಾಗದಲ್ಲಿ ಮನುಷ್ಯರು ಎಸೆದ ತ್ಯಾಜ್ಯ ಕಂಡುಬಂದಿತು. ಅದರಲ್ಲಿ ಹೆಚ್ಚಿನದು ಪ್ಲಾಸ್ಟಿಕ್. ಊರಂಚಿನ ತಿಪ್ಪೆಯಲ್ಲಿ ತಿಂದದ್ದನ್ನು ಆನೆ ಕಾಡಿನ ಒಳಗೆ ಹರಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಕೆರೆಯ ಮೀನುಗಳು ಸೂಕ್ಷ್ಮ ಕಣಗಳನ್ನು ಆಹಾರವೆಂದು ನುಂಗುತ್ತವೆ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಲೆಗಸದೊಡನೆ ಪ್ಲಾಸ್ಟಿಕ್ ಕಣಗಳ ಪ್ರಮಾಣ ಹೆಚ್ಚಾದಾಗ ಎರೆಹುಳುಗಳ ಬೆಳವಣಿಗೆ ಕುಂಠಿತವಾಯಿತು. ಇದು ಪ್ರತಿಯೊಬ್ಬ ರೈತರೂ ಗಮನಿಸಬೇಕಾದ ಸಂಗತಿ.

3. ಮಾನವನ ಆರೋಗ್ಯ

2022ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪರೀಕ್ಷಿಸಿದ 22 ದಾನಿಗಳ ಪೈಕಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳು ಪತ್ತೆಯಾದವು. 2024ರಲ್ಲಿ ಇಟಲಿಯಿಂದ ಪ್ರಕಟವಾದ ಅಧ್ಯಯನದಲ್ಲಿ, ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಗೊಳಗಾದ 257 ರೋಗಿಗಳನ್ನು ಸುಮಾರು ಮೂರು ವರ್ಷ ಗಮನಿಸಲಾಯಿತು. ರಕ್ತನಾಳದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಇಲ್ಲದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಅಧಿಕವಾಗಿತ್ತು.

ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಪ್ಲಾಸ್ಟಿಕ್ಕೇ ಕಾರಣವೆಂದು ಸಾಬೀತುಪಡಿಸುವುದಿಲ್ಲ. ಆದ್ದರಿಂದ ಗ್ರಾಮಸಭೆಯಲ್ಲಿ ಜನರನ್ನು ಹೆದರಿಸುವ ಮಾತು ಸಲ್ಲದು. ದೇಹವನ್ನು ಸೇರಿದ ಕಣವನ್ನು ತೆಗೆಯುವ ಚಿಕಿತ್ಸೆಯಿಲ್ಲ, ಸೇರದಂತೆ ತಡೆಯುವುದಷ್ಟೇ ನಮ್ಮ ಕೈಯಲ್ಲಿದೆ ಎಂದು ತಿಳಿಸಿದರೆ ಸಾಕು.

4. ಕಾನೂನು ಮತ್ತು ಹೊಣೆ

ರಾಜ್ಯ ಸರ್ಕಾರವು ಮಾರ್ಚ್ 2016ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ಬಂಟಿಂಗ್, ತಟ್ಟೆ, ಲೋಟ, ಚಮಚ ಹಾಗೂ ಊಟದ ಮೇಜಿಗೆ ಹಾಸುವ ಹಾಳೆಗಳನ್ನು ನಿಷೇಧಿಸಿದೆ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಅನ್ವಯ ವಿಂಗಡಣೆ, ಸಂಗ್ರಹಣೆ, ಮರುಬಳಕೆಗೆ ರವಾನೆ ಮತ್ತು ಬಯಲಿನಲ್ಲಿ ಸುಡದಂತೆ ತಡೆಯುವುದು ಗ್ರಾಮ ಪಂಚಾಯತಿಯ ಹೊಣೆಯಾಗಿದೆ. ಸುಟ್ಟರೆ ಕಸ ಮಾಯವಾಗುವುದಿಲ್ಲ: ವಿಷಕಾರಿ ಹೊಗೆ ಗಾಳಿ ಸೇರುತ್ತದೆ, ಅರೆಬೆಂದ ಕಣಗಳು ಬೂದಿಯಲ್ಲಿ ಉಳಿದು ಮಳೆಗೆ ಕೆರೆ ಸೇರುತ್ತವೆ.

5. ಸದಸ್ಯರು ವಹಿಸಬೇಕಾದ ಕ್ರಮ

1. ವಾರ್ಡಿನ ಪ್ರತಿ ಮನೆಯಲ್ಲೂ ಹಸಿ ಕಸ, ಒಣ ಕಸ ಬೇರೆಯಾಗುವಂತೆ ನೋಡಿಕೊಳ್ಳುವುದು. ಅನ್ನ ಮೆತ್ತಿದ ಕವರನ್ನು ಮರುಬಳಕೆಗೆ ಕೊಳ್ಳುವವರು ವಿರಳ.
2. ಸ್ವಚ್ಛ ವಾಹಿನಿ ನಿಗದಿತ ದಿನದಂದು ತಪ್ಪದೆ ಬರುವಂತೆ ನಿಗಾ ವಹಿಸುವುದು. ವಾಹನ ಎರಡು ವಾರ ತಪ್ಪಿದರೆ ಜನರು ಮತ್ತೆ ಬೆಂಕಿಪೊಟ್ಟಣ ಹಿಡಿಯುತ್ತಾರೆ.
3. ಮುಂಗಾರಿಗೆ ಮುನ್ನ ರಾಜಕಾಲುವೆ, ಚರಂಡಿ ಮತ್ತು ಕೆರೆಯಂಗಳದ ಪ್ಲಾಸ್ಟಿಕ್ ತೆಗೆಸುವುದು.
4. ಮಲ್ಚಿಂಗ್ ಹಾಳೆ, ಹಳೆಯ ಪೈಪುಗಳನ್ನು ಉಳುಮೆಗೆ ಮುನ್ನವೇ ಎತ್ತಿ ಸ್ವಚ್ಛ ಸಂಕೀರ್ಣಕ್ಕೆ ಒಪ್ಪಿಸುವಂತೆ ರೈತರಿಗೆ ತಿಳಿಹೇಳುವುದು.
5. ಜಾತ್ರೆ, ಮದುವೆಗಳಲ್ಲಿ ಬಾಳೆಎಲೆ, ಮುತ್ತುಗದ ಎಲೆ ಹಾಗೂ ಸ್ಟೀಲ್ ಲೋಟಗಳ ಬಳಕೆಗೆ ಸ್ವಸಹಾಯ ಸಂಘಗಳ ಮೂಲಕ ಅನುಕೂಲ ಕಲ್ಪಿಸುವುದು.

ಚಿಕ್ಕ ಪಂಚಾಯತಿಗಳು ಒಗ್ಗೂಡಿಯೂ ಕೆಲಸ ಮಾಡಬಹುದು. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣ ಕಸ ವಿಂಗಡಣಾ ಘಟಕವು ಹಲವು ಪಂಚಾಯತಿಗಳಿಗಾಗಿ ಸ್ಥಾಪನೆಯಾಗಿರುವುದು ಇದಕ್ಕೆ ನಿದರ್ಶನ.

6. ಸಾಮಾನ್ಯ ಸಭೆಯಲ್ಲಿ ಚರ್ಚೆಗೆ

ಅ) ನಮ್ಮ ವ್ಯಾಪ್ತಿಯಲ್ಲಿ ಕಸ ಸುಡುವ ಸ್ಥಳಗಳು ಯಾವುವು? ಅಲ್ಲಿಂದ ಮಳೆನೀರು ಯಾವ ಕೆರೆಗೆ ಹರಿಯುತ್ತದೆ?
ಆ) ಕಳೆದ ತಿಂಗಳು ಸಂಗ್ರಹವಾದ ಒಣ ಕಸ ಎಷ್ಟು? ಮರುಬಳಕೆಗೆ ಹೋದದ್ದೆಷ್ಟು?
ಇ) ವಾಹನ ತಲುಪದ ಮನೆಗಳು ಎಷ್ಟು, ಯಾವ ಕಾರಣಕ್ಕೆ?

ಈ ಮೂರು ಪ್ರಶ್ನೆಗಳ ಉತ್ತರವನ್ನು ಸಭಾ ನಡವಳಿಯಲ್ಲಿ ದಾಖಲಿಸಿ, ಮುಂದಿನ ಸಭೆಯಲ್ಲಿ ಪ್ರಗತಿ ಪರಿಶೀಲಿಸುವುದು ಸೂಕ್ತ.