ಗೊಂಬೆ ಬಾಯಿಗೆ ಹೋದಾಗ

ಪ್ರಶ್ನೆ: ನಮ್ಮ ಮಗನಿಗೆ ಹತ್ತು ತಿಂಗಳು. ಹಲ್ಲು ಬರುತ್ತಿವೆ, ಸಿಕ್ಕಿದ್ದೆಲ್ಲ ಬಾಯಿಗೇ. ಜಾತ್ರೆಯಲ್ಲಿ ಕೊಂಡ ಮೆತ್ತನೆಯ ಬಾತುಕೋಳಿ ಒಂದು, ನಾದಿನಿಯ ಮಕ್ಕಳು ಆಡಿ ಬಿಟ್ಟ ಗೊಂಬೆ ಎರಡು ಅವನಿಗೆ ಅಚ್ಚುಮೆಚ್ಚು. ಹಳೆಯ ಗೊಂಬೆಗಳು ಈಚೆಗೆ ಮುಟ್ಟಿದರೆ ಅಂಟಂಟು. ಪ್ಲಾಸ್ಟಿಕ್ ಆಟಿಕೆಯಲ್ಲಿ ಗಂಡುಮಕ್ಕಳಿಗೆ ಮುಂದೆ ಸಂತಾನವಾಗದಂತೆ ಮಾಡುವ ರಾಸಾಯನಿಕ ಇರುತ್ತದೆಂದು ಓದಿ ನಿದ್ದೆ ಬರುತ್ತಿಲ್ಲ. ಅತ್ತೆಯವರು "ನಿನ್ನ ಗಂಡನೂ ಇಂಥವನ್ನೇ ಕಚ್ಚಿಕೊಂಡು ಬೆಳೆದ, ಅವನಿಗೇನಾಗಿದೆ?" ಅನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಬೇಕೆ ಡಾಕ್ಟರೇ? ಕುದಿಸಿ ಕೊಟ್ಟರೆ ಸಾಕೆ?
— ಓದುಗರು, ದಾವಣಗೆರೆ

ಉತ್ತರ: ಮೊದಲು ನಿದ್ದೆಯ ವಿಷಯ. ಆ ಮೂರು ಆಟಿಕೆಗಳಿಂದ ನಿಮ್ಮ ಮಗನಿಗೆ ಸಂತಾನ ದೋಷ ಬಂದೇ ಬರುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಹಾಗೆಂದು ನಿಮ್ಮ ಅತ್ತೆಯವರ ಧೈರ್ಯವನ್ನೂ ನಾನು ಹಂಚಿಕೊಳ್ಳಲಾರೆ. ಮೂರನ್ನೂ ಇವತ್ತೇ ಮಗುವಿನ ಕೈಯಿಂದ ದೂರ ಮಾಡಿ. ಹೆದರಬೇಡಿ ಎನ್ನುವವನೇ ಬಿಸಾಡಿ ಎನ್ನುತ್ತಾನಲ್ಲ ಎಂದು ನಿಮಗೆ ಅನ್ನಿಸಬಹುದು. ಆ ಎರಡು ಮಾತಿಗೂ ವಿರೋಧವಿಲ್ಲ ಎಂಬುದನ್ನು ವಿವರಿಸುವುದಕ್ಕೇ ಈ ಉದ್ದನೆಯ ಉತ್ತರ. ಇನ್ನೊಂದು ಮಾತು: ಎಲ್ಲವನ್ನೂ ಬಾಯಿಗಿಡುವುದು ಈ ವಯಸ್ಸಿನ ಮಗು ಲೋಕವನ್ನು ಅರಿಯುವ ರೀತಿ. ಅದನ್ನು ಬಿಡಿಸಲು ಹೋಗಬೇಡಿ, ಬಾಯಿಗೆ ಹೋಗುವ ವಸ್ತುವನ್ನು ಬದಲಿಸಿ.

ಒತ್ತಿದರೆ ಕೀಂ ಎನ್ನುವ, ರಬ್ಬರಿನಂತೆ ಬಾಗುವ ಅಗ್ಗದ ಆಟಿಕೆಗಳು ಬಹುಮಟ್ಟಿಗೆ ಪಿವಿಸಿಯವು, ಅಂದರೆ ನೀರಿನ ಪೈಪು ಮಾಡುವ ಪ್ಲಾಸ್ಟಿಕ್ಕೇ. ಪಿವಿಸಿ ಹುಟ್ಟಿನಿಂದ ಗಡಸು. ಅದನ್ನು ಮೆದುವಾಗಿಸಲು ಎಣ್ಣೆಯಂಥ ಒಂದು ದ್ರವವನ್ನು ಬೆರೆಸುತ್ತಾರೆ. ಹಲವು ದಶಕಗಳಿಂದ ಈ ಕೆಲಸಕ್ಕೆ ಹೆಚ್ಚಾಗಿ ಬಳಸಿದ್ದು ಥ್ಯಾಲೇಟ್ ಎಂಬ ಗುಂಪಿನ ರಾಸಾಯನಿಕಗಳನ್ನು. ತುಂಬ ಮೆತ್ತನೆಯ ಪಿವಿಸಿಯ ತೂಕದಲ್ಲಿ ಶೇಕಡ 30ರಿಂದ 40ರಷ್ಟು ಥ್ಯಾಲೇಟ್ ಇರುವುದುಂಟು. ಎಂದರೆ ನೂರು ಗ್ರಾಂ ಗೊಂಬೆಯಲ್ಲಿ ಮೂವತ್ತು ಗ್ರಾಂಗೂ ಮೇಲೆ. ಸುರಕ್ಷತಾ ನಿಯಮಗಳು ಒಪ್ಪುವುದು ಶೇಕಡ 0.1, ಅದೇ ಗೊಂಬೆಗೆ ಗ್ರಾಮಿನ ಹತ್ತನೆಯ ಒಂದು ಪಾಲು. ಈ ದ್ರವ ಪ್ಲಾಸ್ಟಿಕ್ಕಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಹೋಳಿಗೆಯ ಕಣಕ ಎಣ್ಣೆ ಕುಡಿದಿರುವಂತೆ ಸುಮ್ಮನೆ ಒಳಗೆ ನಿಂತಿರುತ್ತದೆ. ಜೊಲ್ಲು, ಕಚ್ಚುವ ಒತ್ತಡ, ಬಿಸಿಲು, ಎಣ್ಣೆಗೈ, ಇವೆಲ್ಲ ಅದನ್ನು ಹೊರಗೆಳೆಯುತ್ತವೆ. ನಿಮ್ಮ ಹಳೆಯ ಗೊಂಬೆಯ ಮೇಲಿನ ಅಂಟು ಬಹುಶಃ ಹೀಗೆ ಒಳಗಿನಿಂದ ಒಸರಿದ್ದೇ.

ಥ್ಯಾಲೇಟ್‌ಗಳ ಮೇಲಿನ ಗಂಭೀರ ಆರೋಪವೆಂದರೆ ಅವುಗಳಲ್ಲಿ ಕೆಲವು ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುತ್ತವೆ ಎಂಬುದು. ಗಬ್ಬದ ಇಲಿಗಳಿಗೆ ಇವನ್ನು ಕೊಟ್ಟಾಗ ಗಂಡುಮರಿಗಳಲ್ಲಿ ವೃಷಣ ಕೆಳಗಿಳಿಯದಿರುವುದು, ಮೂತ್ರದ್ವಾರ ಇರಬೇಕಾದ ಕಡೆ ಇಲ್ಲದಿರುವುದು, ಗುದದ್ವಾರಕ್ಕೂ ಜನನಾಂಗಕ್ಕೂ ನಡುವಿನ ಅಂತರ ಕುಗ್ಗುವುದು ಮತ್ತೆ ಮತ್ತೆ ಕಂಡುಬಂದಿದೆ. ಮನುಷ್ಯರಲ್ಲಿ ಅಮೆರಿಕದ ಸಂಶೋಧಕಿ ಶಾನಾ ಸ್ವಾನ್ ಮತ್ತು ಸಂಗಡಿಗರು 2005ರಲ್ಲಿ 85 ತಾಯಿ-ಮಗನ ಜೋಡಿಗಳನ್ನು ಅಳೆದು ನೋಡಿದರು. ಬಸುರಿಯಾಗಿದ್ದಾಗ ತಾಯಿಯ ಮೂತ್ರದಲ್ಲಿ ಕೆಲವು ಥ್ಯಾಲೇಟ್‌ಗಳ ಉಳಿಕೆ ಹೆಚ್ಚಿದ್ದಲ್ಲಿ ಮಗನಲ್ಲಿ ಅದೇ ಅಂತರ ಕಡಿಮೆಯಿತ್ತು. ಇದನ್ನು ಎಚ್ಚರದಿಂದ ಓದಬೇಕು. ಮಕ್ಕಳು ರೋಗಿಗಳಾಗಿರಲಿಲ್ಲ, ಕಂಡದ್ದು ಅಳತೆಯ ವ್ಯತ್ಯಾಸ. ಅದಕ್ಕಿಂತ ಮುಖ್ಯವಾಗಿ, ಥ್ಯಾಲೇಟ್‌ಗಳ ವಿರುದ್ಧ ಇರುವ ಅತ್ಯಂತ ಬಲವಾದ ಸಾಕ್ಷ್ಯ ಗರ್ಭದೊಳಗಿನ ಮಗುವಿಗೆ ಸಂಬಂಧಿಸಿದ್ದು, ಗೊಂಬೆ ಕಚ್ಚುವ ಮಗುವಿಗಲ್ಲ. ಪತ್ರಿಕೆಯ ತಲೆಬರಹಗಳಲ್ಲಿ ಈ ಗೆರೆ ಅಳಿಸಿಹೋಗುತ್ತದೆ, ನಿಮ್ಮ ನಿದ್ದೆ ಕೆಡುವುದು ಅಲ್ಲೇ. ಮನೆಯಲ್ಲಿ ಯಾರಾದರೂ ಬಸುರಿಯಿದ್ದರೆ ಈ ಎಚ್ಚರ ಮಗುವಿಗಿಂತ ಮೊದಲು ಅವರಿಗೆ ಬೇಕು.

ಹಾಗಾದರೆ ಆಟಿಕೆಗೆ ಕಟ್ಟುನಿಟ್ಟೇಕೆ? ಈ ಪ್ರಶ್ನೆ ಅತ್ತೆಯವರದಷ್ಟೇ ಅಲ್ಲ, ಒಂದು ದೇಶದ ಸರ್ಕಾರವೇ ಕೇಳಿಕೊಂಡದ್ದು. ಯುರೋಪಿನ ಒಕ್ಕೂಟ 1999ರ ಡಿಸೆಂಬರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳು ಬಾಯಿಗಿಡುವಂಥ ಆಟಿಕೆಗಳಲ್ಲಿ ಆರು ಥ್ಯಾಲೇಟ್‌ಗಳನ್ನು ತುರ್ತಾಗಿ ನಿಷೇಧಿಸಿತು. 2005ರಲ್ಲಿ ಅದನ್ನು ಕಾಯಂ ಮಾಡಿತು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಾತ್ರ ಒಪ್ಪಲಿಲ್ಲ. ಆಗ ಆಟಿಕೆಗಳಲ್ಲಿ ಹೆಚ್ಚಾಗಿದ್ದ ಡಿಐಎನ್‌ಪಿ ಎಂಬ ಥ್ಯಾಲೇಟಿನಿಂದ ಅಪಾಯವಾಗಬೇಕಾದರೆ ಮಗು ದಿನಕ್ಕೆ 75 ನಿಮಿಷವಾದರೂ ಅದನ್ನು ಚೀಪಬೇಕು ಎಂಬುದು ತಜ್ಞರ ಲೆಕ್ಕ. ಮಕ್ಕಳನ್ನು ಕೂತು ಗಮನಿಸಿದಾಗ ಒಂದರಿಂದ ಎರಡು ವರ್ಷದವರು ಮೆತ್ತನೆಯ ಪ್ಲಾಸ್ಟಿಕ್ ಆಟಿಕೆಯನ್ನು ಚೀಪುತ್ತಿದ್ದುದು ಸರಾಸರಿ ದಿನಕ್ಕೆ ಎರಡು ನಿಮಿಷವೂ ಇರಲಿಲ್ಲ. ಪಿವಿಸಿ ಆಟಿಕೆ ನಿಷೇಧಿಸಿ ಎಂಬ ಅರ್ಜಿಯನ್ನು 2003ರಲ್ಲಿ ಆಯೋಗ ತಳ್ಳಿಹಾಕಿತು. ಇದು ಉಡಾಫೆಯ ನಿರ್ಧಾರವಲ್ಲ. ಸಂಖ್ಯೆಗಳ ಮೇಲೆ ನಿಂತ ವಾದ, ಇವತ್ತಿಗೂ ಆಟಿಕೆ ತಯಾರಕರ ಬಾಯಲ್ಲಿ ಕೇಳಿಬರುವ ಅತ್ಯುತ್ತಮ ಆಕ್ಷೇಪ.

ಆ ವಾದ ಬಿದ್ದ ರೀತಿ ಗಮನಿಸುವಂಥದ್ದು. 2008ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಆಟಿಕೆಗಳಲ್ಲಿ ಶೇಕಡ 0.1ರ ಮಿತಿ ತಂದಿತು, ಹೊಸ ತಜ್ಞರ ಸಮಿತಿಗೆ ಲೆಕ್ಕ ಒಪ್ಪಿಸಿತು. ಆ ಸಮಿತಿ ಕೇಳಿದ ಪ್ರಶ್ನೆಯೇ ಬೇರೆ. ಒಂದು ಆಟಿಕೆಯ ಒಂದು ಥ್ಯಾಲೇಟ್ ಎಷ್ಟು ಎಂದಲ್ಲ. ಒಂದೇ ರೀತಿ ಗಂಡು ಹಾರ್ಮೋನನ್ನು ತಡೆಯುವ ಥ್ಯಾಲೇಟ್‌ಗಳೆಲ್ಲ ಊಟದಿಂದ, ಮನೆಯ ದೂಳಿನಿಂದ, ಕ್ರೀಮು ಪೌಡರಿನಿಂದ, ಆಟಿಕೆಯಿಂದ ಸೇರಿ ಎಷ್ಟಾಗುತ್ತವೆ ಎಂದು. ಒಬ್ಬೊಬ್ಬ ಸಾಲಗಾರನ ಬಾಕಿ ಸಣ್ಣದೇ, ಖಾತೆ ಕೂಡಿಸಿದರೆ ಮಾತ್ರ ಅಂಗಡಿಯ ಸ್ಥಿತಿ ಗೊತ್ತಾಗುವುದು. ಕೂಡಿಸಿ ನೋಡಿದ ಮೇಲೆ ಅದೇ ಆಯೋಗ 2017ರಲ್ಲಿ ಎಂಟು ಥ್ಯಾಲೇಟ್‌ಗಳನ್ನು ನಿಷೇಧಿಸಿತು. ಹಾರ್ಮೋನನ್ನು ತಡೆಯುವ ಗುಣ ಕಾಣದ ಎರಡನ್ನು 2008ರ ಕಾನೂನಿನ ತಾತ್ಕಾಲಿಕ ನಿಷೇಧದಿಂದ ಬಿಟ್ಟೂಬಿಟ್ಟಿತು. ಗಾಬರಿಯಿಂದ ಮಾಡಿದ ಕೆಲಸವಾಗಿದ್ದರೆ ಆ ಬಿಡುಗಡೆ ಆಗುತ್ತಿರಲಿಲ್ಲ.

ಇಲ್ಲಿ ಒಂದು ನ್ಯಾಯವಾದ ಮರುಪ್ರಶ್ನೆ ಬರುತ್ತದೆ. ಹೆಚ್ಚಿನವರಿಗೆ ಥ್ಯಾಲೇಟ್ ಬರುವ ದೊಡ್ಡ ದಾರಿ ಆಹಾರ ಎಂದು ಅದೇ ತಜ್ಞರು ಹೇಳಿದ್ದಾರೆ. ಹಾಗಿರುವಾಗ ಗೊಂಬೆಯನ್ನು ಹಿಡಿದು ಶಿಕ್ಷಿಸುವುದೇಕೆ? ಊಟ ಬಿಡಲಾಗದು, ದೂಳು ಪೂರ್ತಿ ತಪ್ಪದು. ಮೆತ್ತನೆಯ ಪಿವಿಸಿ ಬಾತುಕೋಳಿ ಇಲ್ಲದಿದ್ದರೆ ಮಗುವಿಗೆ ನಷ್ಟವೇನೂ ಇಲ್ಲ. ಪ್ರಯೋಜನವೇ ಇಲ್ಲದ ಪಾಲನ್ನು ಮೊದಲು ಕಳೆಯುವುದು ಬುದ್ಧಿವಂತಿಕೆ. ಜೊತೆಗೆ ಹತ್ತು ತಿಂಗಳ ಮಗುವಿನ ತೂಕ ಎಂಟೊಂಬತ್ತು ಕಿಲೋ. ಅಷ್ಟೇ ರಾಸಾಯನಿಕ ನಿಮ್ಮ ದೇಹಕ್ಕೆ ಹೋದರೆ ಆಗುವುದಕ್ಕಿಂತ ಕಿಲೋ ಲೆಕ್ಕದಲ್ಲಿ ಅವನಿಗೆ ಆರೇಳು ಪಟ್ಟು. ಅವನು ನೆಲದ ಮೇಲೆ ತೆವಳುತ್ತಾನೆ, ಕೈ ಬಾಯಿಗಿಡುತ್ತಾನೆ. ಆಟಿಕೆ ತೆಗೆದು, ನೆಲವನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಬಿಸಿ ಸಾರು, ಎಣ್ಣೆಯ ಪಲ್ಯ ಪ್ಲಾಸ್ಟಿಕ್ಕಿಗೆ ತಾಗದಂತೆ ಸ್ಟೀಲಿನ ಡಬ್ಬಿಗೆ ಹಾಕಿಸಿಕೊಂಡರೆ ಖಾತೆಯ ಮೂರು ಸಾಲು ಒಟ್ಟಿಗೆ ಇಳಿದವು.

"ನಿನ್ನ ಗಂಡನಿಗೇನಾಗಿದೆ" ಎಂಬ ಮಾತಿಗೆ ವೈದ್ಯನಾಗಿ ಉತ್ತರಿಸುವುದು ಕಷ್ಟ, ಏಕೆಂದರೆ ಬಹುಶಃ ಏನೂ ಆಗಿಲ್ಲ. ಆದರೆ ಇಂಥ ರಾಸಾಯನಿಕಗಳ ಹಾನಿ ಹಾವಿನ ಕಡಿತದಂತೆ ಒಬ್ಬನಲ್ಲಿ ಎದ್ದು ಕಾಣುವುದಿಲ್ಲ. ಸಾವಿರಾರು ಮಕ್ಕಳ ಸರಾಸರಿ ಒಂದಿಷ್ಟು ಜರುಗುತ್ತದೆ, ಆ ಜರುಗಿದ್ದು ಯಾವ ಮನೆಯಲ್ಲೂ ಗೊತ್ತಾಗುವುದಿಲ್ಲ. ಒಬ್ಬ ಆರೋಗ್ಯವಂತ ಗಂಡನನ್ನು ತೋರಿಸಿ ಅದನ್ನು ಅಲ್ಲಗಳೆಯಲೂ ಆಗದು, ಒಬ್ಬ ರೋಗಿಯನ್ನು ತೋರಿಸಿ ಸಾಬೀತು ಮಾಡಲೂ ಆಗದು. (ಅತ್ತೆಯವರಿಗೆ ಇಷ್ಟು ಉದ್ದ ಹೇಳುವ ಅಗತ್ಯವಿಲ್ಲ. "ಡಾಕ್ಟರು ಬೇಡ ಅಂದರು" ಎಂದರೆ ಸಾಕು.)

ಇನ್ನು ರಕ್ತ ಪರೀಕ್ಷೆ. ಥ್ಯಾಲೇಟಿಗಾಗಿ ಬೇಡ. ದೇಹಕ್ಕೆ ಹೋದ ಥ್ಯಾಲೇಟ್ ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದೊಂದಿಗೆ ಹೊರಬೀಳುತ್ತದೆ. ಇವತ್ತು ಅಳೆದರೆ ಸಿಗುವುದು ನಿನ್ನೆಯ ಲೆಕ್ಕ, ಸಿಕ್ಕ ಸಂಖ್ಯೆಗೆ ಕೊಡುವ ಔಷಧಿಯೂ ಇಲ್ಲ. ಇದು ಸಮಾಧಾನದ ಸುದ್ದಿ ಕೂಡ: ಮೂಲ ನಿಲ್ಲಿಸಿದರೆ ದೇಹವೇ ತೊಳೆದುಕೊಳ್ಳುತ್ತದೆ. ಸೀಸ ಹಾಗಲ್ಲ. ಆಟಿಕೆಯ ಬಣ್ಣದಲ್ಲಿ, ಅಗ್ಗದ ಪಿವಿಸಿ ಕೆಡದಂತೆ ಹಾಕುವ ಪದಾರ್ಥದಲ್ಲಿ ಸೀಸ ಇರಬಹುದು. ಅದು ಮೂಳೆಯಲ್ಲಿ ದಶಕಗಟ್ಟಲೆ ಕೂರುತ್ತದೆ, ಮಗುವಿನ ಬುದ್ಧಿಶಕ್ತಿಯನ್ನು ಕುಗ್ಗಿಸುತ್ತದೆ, ಇಷ್ಟಿದ್ದರೆ ಪರವಾಗಿಲ್ಲ ಎಂಬ ಮಟ್ಟವೇ ಅದಕ್ಕಿಲ್ಲ. 2007ರಲ್ಲಿ ಮ್ಯಾಟೆಲ್ ಕಂಪನಿ ಲಕ್ಷಾಂತರ ಆಟಿಕೆಗಳನ್ನು ವಾಪಸು ಕರೆಸಿಕೊಂಡದ್ದಕ್ಕೆ ಒಂದು ಕಾರಣ ಬಣ್ಣದಲ್ಲಿನ ಸೀಸ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು 2018ರಲ್ಲಿ ಬಳಸಿ ಬಿಟ್ಟ 200 ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿದಾಗ ಸೀಸ, ಕ್ಯಾಡ್ಮಿಯಂ ಮುಂತಾದವು ಕಂಡವು, ಅದರಲ್ಲೂ ಹಳದಿ, ಕೆಂಪು, ಕಪ್ಪು ಬಣ್ಣದವುಗಳಲ್ಲಿ. ಕೈಬದಲಾಗಿ ಬಂದ ನಿಮ್ಮ ಎರಡು ಗೊಂಬೆಗಳ ಬಗ್ಗೆ ನನಗೆ ಹೆಚ್ಚು ಅನುಮಾನ ಇದಕ್ಕೇ. ಮಗು ಬಣ್ಣದ ಚಕ್ಕೆ ನುಂಗಿದ್ದರೆ, ಹತ್ತಿರದಲ್ಲಿ ಹಳೆಯ ಬ್ಯಾಟರಿ ಒಡೆಯುವ ಕೆಲಸ ನಡೆಯುತ್ತಿದ್ದರೆ, ಕಾರಣವಿಲ್ಲದೆ ರಕ್ತಹೀನತೆ ಇದ್ದರೆ ಸೀಸದ ರಕ್ತ ಪರೀಕ್ಷೆಯ ಬಗ್ಗೆ ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ.

ಕುದಿಸುವುದರಿಂದ ಸೂಕ್ಷ್ಮಾಣು ಸಾಯುತ್ತವೆ, ಥ್ಯಾಲೇಟ್ ಹೋಗುವುದಿಲ್ಲ. ತೂಕದ ಮೂರನೆಯ ಒಂದು ಪಾಲು ಇರುವುದನ್ನು ತೊಳೆದು ತೆಗೆಯುವುದು ಹೇಗೆ? ಕಾವು ಅದನ್ನು ಇನ್ನಷ್ಟು ಮೇಲಕ್ಕೆ ತರುತ್ತದೆ. ಮೂಸಿ ನೋಡುವುದೂ ಪರೀಕ್ಷೆಯಲ್ಲ: ಥ್ಯಾಲೇಟ್‌ಗಳಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಹೊಸ ಗೊಂಬೆಯ ಘಾಟು ಬೇರೆ ದ್ರಾವಕಗಳದು. ಕಣ್ಣು, ಮೂಗು, ನಾಲಿಗೆ ಯಾವುದಕ್ಕೂ ಸಿಗದ ದೋಷವನ್ನು ತಾಯಿ ಪತ್ತೆ ಮಾಡಲಿ ಎನ್ನುವುದು ಅನ್ಯಾಯ. ಅದನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2010ರಲ್ಲಿ 24 ಆಟಿಕೆಗಳ ಪರೀಕ್ಷೆಯ ಫಲ ಪ್ರಕಟಿಸಿದಾಗ ಎಲ್ಲದರಲ್ಲೂ ಥ್ಯಾಲೇಟ್ ಇತ್ತು, ಅರ್ಧಕ್ಕೆ ಹತ್ತಿರದಷ್ಟು ವಿದೇಶಿ ಮಿತಿಯನ್ನು ಮೀರಿದ್ದವು. ನಮ್ಮಲ್ಲಿ ಕಡ್ಡಾಯ ನಿಯಮ ಜಾರಿಯಾದದ್ದು 2021ರ ಜನವರಿ 1ರಿಂದ. ಅಂದಿನಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಬೇಕು. ಅದರ ಹಿಂದಿನ ಐಎಸ್ 9873 ಮಾನಕದಲ್ಲಿ ಸೀಸದಂಥ ಲೋಹಗಳಿಗೂ ಥ್ಯಾಲೇಟಿಗೂ ಮಿತಿಗಳಿವೆ. ಜಾತ್ರೆಯ ಬಾತುಕೋಳಿಗೆ ಆ ಗುರುತು ಇತ್ತೇ, ತಿರುಗಿಸಿ ನೋಡಿ. ಗುರುತಿನ ಜೊತೆಗಿರುವ ಸಿಎಂ/ಎಲ್ ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು.

ಪ್ರಶ್ನೆ: 'ಬಿಪಿಎ ಫ್ರೀ' ಎಂದು ಬರೆದಿರುವ ಆಟಿಕೆ ಕೊಂಡರೆ ಸಾಕೆ, ಅಥವಾ ಪ್ಲಾಸ್ಟಿಕ್ಕೇ ಬೇಡವೆಂದು ಚನ್ನಪಟ್ಟಣದ ಗೊಂಬೆಗೆ ಹೋಗಬೇಕೆ? ಮನೆಯಲ್ಲಿರುವ ಹಳೆಯವನ್ನು ಕೆಲಸಕ್ಕೆ ಬರುವವರ ಮಗುವಿಗೆ ಕೊಡಬಹುದೆ?
— ಓದುಗರು, ಬೆಂಗಳೂರು

ಉತ್ತರ: ಬಿಪಿಎ ಎಂಬ ರಾಸಾಯನಿಕ ಹೆಚ್ಚಾಗಿ ಇರುವುದು ಗಾಜಿನಂತೆ ಗಡಸಾದ ಪಾಲಿಕಾರ್ಬೊನೇಟಿನಲ್ಲಿ, ಹಾಲಿನ ಬಾಟಲಿಯ ವಿಷಯದಲ್ಲಿ ಆ ಮಾತಿಗೆ ಅರ್ಥವಿದೆ. ಮೆತ್ತನೆಯ ಗೊಂಬೆಯ ಮೇಲೆ ಅದನ್ನು ಬರೆಯುವುದು ಸಸ್ಯಾಹಾರಿ ಉಪ್ಪು ಎಂದು ಬರೆದಂತೆ. 'ಪಿವಿಸಿ ಇಲ್ಲ' ಅಥವಾ 'ಥ್ಯಾಲೇಟ್ ಇಲ್ಲ' ಎಂಬುದು ಹೇಳಬೇಕಾದ ಮಾತು. ಥ್ಯಾಲೇಟಿನ ಬದಲು ಈಗ ಡಿಐಎನ್‌ಸಿಎಚ್, ಸಿಟ್ರೇಟ್ ಮುಂತಾದವನ್ನು ಹಾಕುತ್ತಾರೆ. ಇವುಗಳ ಬಗ್ಗೆ ಸಿಕ್ಕಿರುವ ವರದಿ ಒಳ್ಳೆಯದೇ ಆದರೂ ಥ್ಯಾಲೇಟಿನಷ್ಟು ಕಾಲ ಯಾರೂ ಪರಿಶೀಲಿಸಿಲ್ಲ. ಹಾಗಾಗಿ ಬಾಯಿಗಿಡುವ ವಯಸ್ಸಿಗೆ ಮೃದುಕಾರಕವೇ ಬೇಡದ ವಸ್ತು ಮೇಲು: ಪಾಲಿಪ್ರೊಪಿಲೀನಿನಂಥ ಗಟ್ಟಿ ಪ್ಲಾಸ್ಟಿಕ್, ಒಳ್ಳೆಯ ಸಿಲಿಕೋನ್, ಬಟ್ಟೆ, ಮರ. ಪ್ಲಾಸ್ಟಿಕ್ಕೆಲ್ಲ ಒಂದೇ ಎಂದು ಹಳಿಯುವುದರಲ್ಲಿ ಅರ್ಥವಿಲ್ಲ.

ಚನ್ನಪಟ್ಟಣದ ಸಾಂಪ್ರದಾಯಿಕ ಕೆಲಸ ಆಲೆಮರದ ಮೇಲೆ ಅರಗಿನದು, ಬಣ್ಣ ಗಿಡಮೂಲದ್ದಾದರೆ ಹಲ್ಲು ಬರುವ ಮಗುವಿಗೆ ಅದಕ್ಕಿಂತ ಸೊಗಸಾದ ಗಿಲಕಿ ಸಿಗುವುದು ಕಷ್ಟ. ಆದರೆ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳ ಸರಕಿಗೂ ಐಎಸ್‌ಐ ಕಡ್ಡಾಯವಿಲ್ಲ. ಸಣ್ಣ ಕಸುಬುದಾರರ ಮಟ್ಟಿಗೆ ಇದು ಸರಿಯಾದ ವಿನಾಯಿತಿ, ಕೊಳ್ಳುವವರ ಮಟ್ಟಿಗೆ ಒಂದು ಕಿಂಡಿ. ಹೆದ್ದಾರಿ ಬದಿಯ ಅಂಗಡಿಯಲ್ಲಿ ಹೊಳೆಯುವ ಎಲ್ಲ ಮರದ ಗೊಂಬೆಯೂ ಅರಗಿನದಲ್ಲ, ಕೆಲವಕ್ಕೆ ಬಳಿದಿರುವುದು ಡಬ್ಬಿಯ ಪೇಂಟು. ಬಣ್ಣ ಯಾವುದೆಂದು ಕೇಳಿ, ಚಿಕ್ಕ ಬಿಡಿಭಾಗ ಕಳಚಿ ಬರುವುದೇ ಎಂದು ಎಳೆದು ನೋಡಿ. ಭಾರತೀಯ ಗುಣಮಟ್ಟ ಮಂಡಳಿ 2019ರಲ್ಲಿ ದೆಹಲಿ ಭಾಗದಲ್ಲಿ 121 ಮಾದರಿಯ ಆಮದು ಆಟಿಕೆ ಪರೀಕ್ಷಿಸಿದಾಗ ಮೂರರಲ್ಲಿ ಎರಡು ಪಾಲು ಸೋತವು, ಅದರಲ್ಲಿ ಹೆಚ್ಚಿನವು ರಾಸಾಯನಿಕದಲ್ಲಲ್ಲ, ಮುರಿಯುವ, ಚುಚ್ಚುವ ದೋಷಗಳಲ್ಲಿ. ಗಂಟಲಿಗೆ ಸಿಕ್ಕುವ ಚೂರು, ಬಟನ್ ಬ್ಯಾಟರಿ ವರ್ಷಗಳನ್ನು ಕಾಯುವುದಿಲ್ಲ.

ಹಳೆಯ ಅಂಟು ಗೊಂಬೆಯನ್ನು ಯಾರಿಗೂ ಕೊಡಬೇಡಿ. ನಿಮ್ಮ ಮಗುವಿಗೆ ಆಗದ್ದು ಕೆಲಸಕ್ಕೆ ಬರುವವರ ಮಗುವಿಗೂ ಆಗದು. ಕೊಡುವ ಮನಸ್ಸಿದ್ದರೆ ಹೊಸದೊಂದು ಕೊಡಿ. ಬಚ್ಚಲ ಒಲೆಗಂತೂ ಹಾಕಲೇಬೇಡಿ, ಪಿವಿಸಿ ಉರಿದರೆ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷವೂ ಏಳುತ್ತವೆ. ಒಣಕಸದ ಚೀಲಕ್ಕೆ ಹಾಕಿ, ಹಾಕುವ ಮೊದಲು ಕತ್ತರಿಯಿಂದ ಎರಡು ತುಂಡು ಮಾಡಿ, ಮತ್ತೊಂದು ಮಗು ಅದನ್ನು ಹೆಕ್ಕಿಕೊಳ್ಳದಂತೆ.