ಬಾಣಂತಿಯ ಕೋಣೆ ಬೆಚ್ಚಗಿರಲಿ, ಕೆಂಡ ಬೇಡ



ಯಾದಗಿರಿ, ಶಹಾಪುರ, ಸುರಪುರ ಬಿಸಿಲಿನ ಸೀಮೆ. ಆದರೂ ಡಿಸೆಂಬರ್, ಜನವರಿಯ ನಸುಕಿನಲ್ಲಿ ಹಳೆಯ ಕಲ್ಲಿನ ಮನೆಗಳು ತಣ್ಣಗಾಗುತ್ತವೆ. ಫರಸಿಯ ನೆಲ, ಹೊರಗೋಡೆ, ಬಾಗಿಲ ಸಂದಿಯ ಗಾಳಿ, ಈ ಮೂರೂ ಕೂಸಿನ ಮೈಬಿಸಿಯನ್ನು ಎಳೆದುಕೊಳ್ಳುತ್ತವೆ.

ಅದಕ್ಕಾಗಿ ಹೊರಸಿನ ಕೆಳಗೆ ಕೆಂಡವಿಟ್ಟು ಬಾಗಿಲು ಮುಚ್ಚಿ ಮಲಗಬೇಡಿರಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ನಿದ್ದೆಯಲ್ಲಿಯೇ ತಾಯಿ, ಕೂಸು ಇಬ್ಬರ ಜೀವ ಹೋಗಬಹುದು.

ಇದರ ಬದಲು ಹೀಗೆ ಮಾಡಿರಿ:

1. ಹೊರಸನ್ನು ಹೊರಗೋಡೆಯಿಂದ ದೂರ, ಒಳಗೋಡೆಯ ಕಡೆಗೆ ಹಾಕಿರಿ.
2. ನೆಲಕ್ಕೆ ಚಾಪೆ, ಅದರ ಮೇಲೆ ದಪ್ಪ ಕೌದಿ ಹಾಸಿರಿ.
3. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆ ಸುತ್ತಿ ಇಡಿರಿ. ಮೇಲಿನ ಬೆಳಕಿಂಡಿಯನ್ನು ಪೂರ್ತಿ ಮುಚ್ಚಬೇಡಿರಿ.
4. ಮಧ್ಯಾಹ್ನ ಕಿಟಕಿ ತೆರೆದು ಬಿಸಿಲು ಬಿಡಿರಿ. ಹೊತ್ತು ಮುಳುಗುವ ಮೊದಲೇ ಮುಚ್ಚಿರಿ.
5. ತಾಯಿ ಎಚ್ಚರವಿರುವಾಗ ಕೂಸನ್ನು ಬರಿಮೈಯಲ್ಲಿ ಎದೆಗೆ ಅಪ್ಪಿಕೊಂಡು, ಇಬ್ಬರ ಮೇಲೂ ಕಂಬಳಿ ಹೊದೆಯಲಿ. ಕೂಸಿನ ಮುಖ ಮುಚ್ಚಬಾರದು.

ಕೂಸು ಮಲಗುವ ಕೋಣೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಕೂಸಿನ ಮೈಬಿಸಿ 36.5ರಿಂದ 37.5 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮುಟ್ಟಿ ನೋಡಿರಿ. ಪಾದ ಮಾತ್ರ ತಣ್ಣಗಿದ್ದರೆ ಚಳಿ ಹತ್ತುತ್ತಿದೆ, ಕೂಡಲೇ ಎದೆಗೆ ಅಪ್ಪಿಕೊಳ್ಳಿರಿ. ಹೊಟ್ಟೆಯೂ ತಣ್ಣಗಿದ್ದರೆ, ಕೂಸು ಹಾಲು ಕುಡಿಯದಿದ್ದರೆ, ಹಾಗೆಯೇ ಅಪ್ಪಿಕೊಂಡು ಆಸ್ಪತ್ರೆಗೆ ಬನ್ನಿರಿ.

ಕೆಂಡವಿಟ್ಟ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಂತಿ, ಮಂಪರು ಬಂದರೆ ಮೊದಲು ಎಲ್ಲರನ್ನೂ ಬಯಲಿಗೆ ತನ್ನಿರಿ. ಆಮೇಲೆ 108ಕ್ಕೆ ಫೋನ್ ಮಾಡಿರಿ.