ತೆಂಗಿನ ನುಸಿ ಮತ್ತು ಅದನ್ನು ತಿನ್ನುವ ಪರಭಕ್ಷಕ ನುಸಿ: ಬೆಳೆಗಾರರು ತಿಳಿಯಬೇಕಾದ ಅಂಶಗಳು

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗು ಬೆಳೆಗಾರರ ಆದಾಯವು ಬಹುಮಟ್ಟಿಗೆ ಉಂಡೆ ಕೊಬ್ಬರಿಯನ್ನು ಅವಲಂಬಿಸಿದೆ. ಕಾಯಿಯ ಗಾತ್ರ ಕುಗ್ಗಿದರೆ ಕೊಬ್ಬರಿಯೂ ಸಣ್ಣದಾಗಿ, ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಕಾಯ್ದ ಫಸಲಿಗೆ ತಕ್ಕ ಬೆಲೆ ದೊರೆಯುವುದಿಲ್ಲ. ಇದಕ್ಕೆ ಪ್ರಮುಖ ಕಾರಣಗಳಲ್ಲಿ ಒಂದು ತೆಂಗಿನ ನುಸಿ. ಈ ನುಸಿಯನ್ನು ತಿಂದು ಬದುಕುವ ಇನ್ನೊಂದು ನುಸಿಯೂ ನಿಸರ್ಗದಲ್ಲಿದ್ದು, ಅದನ್ನು ಉಳಿಸಿಕೊಳ್ಳುವುದು ಬೆಳೆಗಾರರ ಕೈಯಲ್ಲಿದೆ.

1. ಪೀಡೆಯ ಸ್ವರೂಪ

ಭಾರತದಲ್ಲಿ ಈ ಪೀಡೆಯು 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ವರದಿಯಾಗಿ, ಅನಂತರ ಕರ್ನಾಟಕಕ್ಕೂ ಹರಡಿತು. ಬರಿಗಣ್ಣಿಗೆ ಕಾಣದ, ಹುಳುವಿನಾಕಾರದ ಈ ನುಸಿಯು ಗಾಳಿಯ ಮೂಲಕ ಮರದಿಂದ ಮರಕ್ಕೆ ಸಾಗುತ್ತದೆ. ಎಳೆಗಾಯಿಯ ತೊಟ್ಟಿನ ಪದರಗಳ ಕೆಳಗೆ ಸೇರಿ ರಸ ಹೀರುತ್ತದೆ. ಮೊದಲು ತೊಟ್ಟಿನ ಅಂಚಿನಲ್ಲಿ ತ್ರಿಕೋನಾಕಾರದ ಬಿಳಿ ಮಚ್ಚೆ ಕಾಣಿಸಿ, ಕಾಯಿ ಬೆಳೆದಂತೆ ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಡುತ್ತದೆ. ಹರಳು ಉದುರುವುದು, ಕಾಯಿ ಸಣ್ಣದಾಗುವುದು, ಸಿಪ್ಪೆ ಗಟ್ಟಿಯಾಗಿ ಸುಲಿಯಲು ಕಷ್ಟವಾಗುವುದು ಇದರ ಪರಿಣಾಮಗಳು.

ಗರಿಗಳು ಸುಟ್ಟಂತೆ ಒಣಗಿದ್ದರೆ ಅದು ಕಪ್ಪು ತಲೆ ಹುಳುವಿನ ಬಾಧೆಯಿರಬಹುದು. ಅದಕ್ಕೆ ಬಿಡುವ ಗೋನಿಯೋಜಸ್ ಪರೋಪಜೀವಿಯು ನುಸಿಯನ್ನು ಹತೋಟಿಗೆ ತರುವುದಿಲ್ಲ.

2. ಪರಭಕ್ಷಕ ನುಸಿ

ನಿಯೋಸಿಯುಲಸ್ ಬರಾಕಿ ಎಂಬ ಪರಭಕ್ಷಕ ನುಸಿಯ ದೇಹವು ಚಪ್ಪಟೆಯಾಗಿ ನೀಳವಾಗಿರುವುದರಿಂದ ತೊಟ್ಟಿನ ಸಂದಿಗೆ ನುಗ್ಗಬಲ್ಲದು. ಆದರೂ ಅದು ಪೀಡೆ ನುಸಿಗಿಂತ ದೊಡ್ಡದು. ಕಾಯಿ ಬೆಳೆದು ಸಂದಿ ಅಗಲವಾಗುವವರೆಗೆ ಒಳಹೋಗಲಾರದು; ಅಷ್ಟರಲ್ಲಿ ಪೀಡೆಯು ಒಳಗೆ ಸಂಖ್ಯೆ ಹೆಚ್ಚಿಸಿಕೊಂಡಿರುತ್ತದೆ. ಆದ್ದರಿಂದ ಪರಭಕ್ಷಕವನ್ನು ಪೂರ್ಣ ಪರಿಹಾರವೆಂದು ಭಾವಿಸಬಾರದು. ಶ್ರೀಲಂಕಾದ ತೆಂಗು ಸಂಶೋಧನಾ ಸಂಸ್ಥೆಯು ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಗಳಿಗೆ ಬಿಡುವ ಕ್ರಮವನ್ನು ರೂಪಿಸಿದೆ.

3. ವಿಷ ಸಿಂಪಡಣೆಯ ತೊಡಕು

ಪೀಡೆ ನುಸಿಯು ತೊಟ್ಟಿನ ಕೆಳಗೆ ಅಡಗಿರುವುದರಿಂದ ಸಿಂಪಡಿಸಿದ ವಿಷ ಅದಕ್ಕೆ ಸುಲಭವಾಗಿ ತಗಲುವುದಿಲ್ಲ. ಹೊರಗೆ ಓಡಾಡುವ ಪರಭಕ್ಷಕವು ಮಾತ್ರ ಬೇಗ ಸಾಯುತ್ತದೆ. ಯೂರೋಪಿನ ದ್ರಾಕ್ಷಿ ತೋಟಗಳಲ್ಲಿಯೂ ತೀವ್ರ ಕೀಟನಾಶಕಗಳಿಂದ ಪರಭಕ್ಷಕ ನುಸಿಗಳು ನಾಶವಾಗಿ ಎಲೆ ತಿನ್ನುವ ನುಸಿಗಳು ಹೆಚ್ಚಿದ್ದವು. ಅಂತಹ ಔಷಧಗಳನ್ನು ಕಡಿಮೆ ಮಾಡಿದ ತೋಟಗಳಲ್ಲಿ ಪರಭಕ್ಷಕಗಳು ಮರಳಿ ನೆಲೆಸಿ ಪೀಡೆಯನ್ನು ಹತೋಟಿಯಲ್ಲಿಟ್ಟವು.

4. ಅನುಸರಿಸಬೇಕಾದ ಕ್ರಮಗಳು

ಅ) ನಾಲ್ಕೈದು ತಿಂಗಳ ಕೆಲವು ಕಾಯಿಗಳ ತೊಟ್ಟಿನ ಪದರಗಳನ್ನು ಬಿಡಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಿಂದ ನೋಡಬೇಕು. ಬಿಳಿ ಪುಡಿಯಂತೆ ಕಾಣುವುದು ಪೀಡೆ ನುಸಿ. ಎಂಟು ಕಾಲುಗಳಿಂದ ಚುರುಕಾಗಿ ಓಡುವುದು ಪರಭಕ್ಷಕವಿರಬಹುದು. ಸಂದೇಹವಿದ್ದಲ್ಲಿ ಕಾಯಿಯನ್ನು ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬೇಕು.

ಆ) ಬಾಧೆ ಹೆಚ್ಚಿದ್ದಲ್ಲಿ ಶೇಕಡಾ 2ರ ಬೇವಿನೆಣ್ಣೆ-ಬೆಳ್ಳುಳ್ಳಿ ಮಿಶ್ರಣ ಬಳಸಬಹುದು. 10 ಲೀಟರ್ ನೀರಿಗೆ 200 ಮಿ.ಲೀ. ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿಯ ಸೋಸಿದ ರಸ ಮತ್ತು ನೀರಿನಲ್ಲಿ ಕರಗಿಸಿದ 50 ಗ್ರಾಂ ಬಾರ್ ಸೋಪು ಸೇರಿಸಿ, ಎಳೆಗೊನೆಗಳ ತೊಟ್ಟಿನ ಭಾಗ ನೆನೆಯುವಂತೆ ಸಿಂಪಡಿಸಬೇಕು. ಅಕ್ಟೋಬರ್-ನವೆಂಬರ್, ಡಿಸೆಂಬರ್-ಜನವರಿ ಮತ್ತು ಏಪ್ರಿಲ್-ಮೇ ತಿಂಗಳುಗಳು ಸೂಕ್ತ.

ಇ) ಮರವೊಂದಕ್ಕೆ ವರ್ಷಕ್ಕೆ 50 ಕಿ.ಗ್ರಾಂ ಕೊಟ್ಟಿಗೆ ಗೊಬ್ಬರ, 5 ಕಿ.ಗ್ರಾಂ ಬೇವಿನ ಹಿಂಡಿ ಹಾಗೂ ಸಾರಜನಕ 500 ಗ್ರಾಂ, ರಂಜಕ 320 ಗ್ರಾಂ, ಪೊಟ್ಯಾಷ್ 1,200 ಗ್ರಾಂ ದೊರೆಯುವಂತೆ ರಸಗೊಬ್ಬರವನ್ನು ಎರಡು ಕಂತುಗಳಲ್ಲಿ ನೀಡಬೇಕು. ಪಾತಿಯಲ್ಲಿ ಸೆಣಬು ಬೆಳೆದು ಮಣ್ಣಿಗೆ ಸೇರಿಸುವುದು, ಬೇಸಿಗೆಯಲ್ಲಿ ತೇವ ಕಾಯುವುದು ಮರಕ್ಕೆ ಬಲ ನೀಡುತ್ತವೆ.

ಈ) ಉದುರಿದ ಹರಳು, ಒಣಗಿದ ಹೊಂಬಾಳೆಗಳನ್ನು ಮರದ ಸುತ್ತೆಯಿಂದ ತೆಗೆದು ಸುಡಬೇಕು.

ಗಾಳಿಯಲ್ಲಿ ಹರಡುವ ಪೀಡೆಯು ಬೇಲಿಗೆ ನಿಲ್ಲುವುದಿಲ್ಲ. ಅಕ್ಕಪಕ್ಕದ ತೋಟಗಳವರು ಒಂದೇ ಅವಧಿಯಲ್ಲಿ ಈ ಕ್ರಮಗಳನ್ನು ಕೈಗೊಂಡಲ್ಲಿ ಮಾತ್ರ ಪೂರ್ಣ ಪ್ರಯೋಜನ ದೊರೆಯುತ್ತದೆ. ಗ್ರಾಮ ಪಂಚಾಯಿತಿಗಳು ವಾರ್ಡ್ ಸಭೆಗಳಲ್ಲಿ ಕಾಯಿಯ ತೊಟ್ಟು ಬಿಡಿಸಿ, ಮಸೂರದ ಮೂಲಕ ಎರಡೂ ನುಸಿಗಳನ್ನು ಬೆಳೆಗಾರರಿಗೆ ಪ್ರತ್ಯಕ್ಷವಾಗಿ ತೋರಿಸುವುದು ಅಪೇಕ್ಷಣೀಯ.